ಕಾಕಾನ ಸಂಶಯ ಮತ್ತು ಹಾಯಿದೋಣಿಯ ಟ್ರೇಲರ್

ನಮ್ಮ ಕಾಕಾ ಯಾರನ್ನೂ ನಂಬುವುದಿಲ್ಲ ಎಂದು ಜನ ಹೇಳುತ್ತಾರೆ. ಇದು ಅವರಿಗೆ ಮಾಡುವ ಅನ್ಯಾಯ. ಅವರು ಯಾವುದನ್ನೂ ನಂಬುವುದಿಲ್ಲ! ಗೋಡೆ ಗಡಿಯಾರ, ಹವಾಮಾನ ವರದಿ, ಹಾಲಿನ ಪಾಕೀಟು, ಕೊನೆಗೆ ತಮ್ಮದೇ ರಕ್ತದೊತ್ತಡ, ಯಾವುದಕ್ಕೂ ರಿಯಾಯಿತಿ ಇಲ್ಲ. ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುವವರನ್ನು ನೀವು ಕಂಡಿರಬಹುದು. ನಮ್ಮ ಕಾಕಾ ಎಳೆದು ನೋಡಿ, ಬೈರಿದೇವರಕೊಪ್ಪದ ಬಸ್ ನಿಲ್ದಾಣದವರೆಗೆ ಹೋಗಿ, ಮರಳಿ ಬಂದು, ಬೀಗ ತೆಗೆದು, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಹಾಕುವವರು.

ತಪ್ಪು ಅವರದಲ್ಲ, ನೌಕರಿಯದು. ಅವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದರು. ಜೀವಮಾನವಿಡೀ ತಕ್ಕಡಿಯ ಕೆಳಗೆ ಬಗ್ಗಿ, ಅಂಟಿಸಿಟ್ಟ ಹುಣಸೆಹಣ್ಣು ಹುಡುಕಿದ ಮನುಷ್ಯನಿಗೆ ನಿವೃತ್ತಿಯಾದ ಕೂಡಲೇ ಜಗತ್ತನ್ನು ನಂಬು ಎಂದರೆ ಹೇಗೆ ನಂಬಿಯಾನು?

ಕಾಕಾ ಹೆಣ್ಣು ನೋಡಲು ಹೋದ ಕಥೆ ನಮ್ಮ ಮನೆತನದಲ್ಲಿ ಪ್ರಸಿದ್ಧ. ಹೆಣ್ಣೆಂದರೆ ಈಗಿನ ನಮ್ಮ ಕಾಕು. ಕಾಕುವಿನ ತಂದೆ ನಮ್ಮ ಹುಬ್ಬಳ್ಳಿ ಕಡೆಯವರೇ, ಕಾರವಾರಕ್ಕೆ ಹೋಗಿ ಕಿರಾಣಿ ಅಂಗಡಿ ಇಟ್ಟವರು. ಹಿರಿಯರೆಲ್ಲ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ವರನೇ ನಾಪತ್ತೆ! ಹುಡುಕಿದರೆ, ಮನೆಯ ಮುಂಭಾಗದ ಅಂಗಡಿಯಲ್ಲಿ ಮಾವನ ತೂಕದ ಕಲ್ಲುಗಳನ್ನು ಜೇಬಿನಿಂದ ತೆಗೆದ ತಮ್ಮ ಕಲ್ಲುಗಳೊಂದಿಗೆ ತೂಗಿ ನೋಡುತ್ತಿದ್ದಾರೆ. ಹಿಡಿದದ್ದು ಕಾಕುವಿನ ಅಣ್ಣ.

"ಹುಡುಗಿ ನೋಡಾಕ ಬಂದೀರೋ, ದಾಳಿ ಮಾಡಾಕ ಬಂದೀರೋ?"

"ತೂಕ ಸರಿ ಐತ್ರಿ," ಎಂದರಂತೆ ಕಾಕಾ. "ಮಾತುಕತಿ ಮುಂದುವರಸಬಹುದು."

ಮದುವೆಯೇನೋ ಆಯಿತು. ಆದರೆ ಕಾಕುವಿನ ಅಣ್ಣ, ಅಂದರೆ ನಾವೆಲ್ಲ ಮಾಮಾ ಎಂದು ಕರೆಯುವವರು, ಅಂದಿನಿಂದ ಕಾಕಾನನ್ನು ಸಂಶಯದಿಂದಲೇ ನೋಡತೊಡಗಿದರು. ಕಾಕಾ ಕೂಡ ಈ ವಿಷಯದಲ್ಲಿ ಸಾಲ ಉಳಿಸಿಕೊಂಡವರಲ್ಲ. ಮನೆಯ ಕಾರ್ಯಗಳಲ್ಲಿ ಇಬ್ಬರೂ ಎದುರು ಬದರು ಕುಳಿತು, ಇವರ ಎಲೆಯನ್ನು ಅವರು, ಅವರ ಎಲೆಯನ್ನು ಇವರು ಗಮನಿಸುತ್ತ ಊಟ ಮುಗಿಸುತ್ತಿದ್ದರು.

ಮಾಮಾ ಮದುವೆಯಾಗಲಿಲ್ಲ. ಕಾರವಾರದ ದಂಡೆಯಲ್ಲಿ ಒಂದು ಕೋಣೆ ಹಿಡಿದು ಮಕ್ಕಳಿಗೆ ಸಣ್ಣ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದರು. ಈಚೆಗೆ ಅವರ ದೃಷ್ಟಿ ತೀರ ಮಂದವಾಗಿ, ನೀರಿಗೆ ಇಳಿಯಲೇಬೇಡಿ ಎಂದು ವೈದ್ಯರು ಹೇಳಿದರು. ಒಂದು ದಿನ ಕಾಕುವಿಗೆ ಫೋನು ಬಂತು.

"ತಂಗಿ, ನನ್ನ ದೋಣಿ ನೀ ಒಯ್ಯಿ. ಕಂಡಕಂಡವರ ಕೈಯಾಗ ಕೊಡಾಕ ಮನಸ್ಸಿಲ್ಲ."

ಆಗಲೇ ನಮಗೆ ಗೊತ್ತಾದದ್ದು, ಕಾಕು ಹುಡುಗಿಯಾಗಿದ್ದಾಗ ಅಣ್ಣನ ಜೊತೆ ಹಾಯಿ ಬಿಚ್ಚಿ ಸಮುದ್ರದ ಮೇಲೆ ಹೋಗುತ್ತಿದ್ದರು ಎಂದು! ನಾವು ಕಾಕುವಿನ ರೊಟ್ಟಿಯ ವಿಷಯದಲ್ಲಿ ಮಾತ್ರ ಪಂಡಿತರಾಗಿದ್ದೆವು.

"ಪುಕ್ಕಟ ಕೊಡ್ತಾರಂತೇನು?" ಎಂದರು ಕಾಕಾ. "ಹಂಗಾದ್ರ ತಳಕ್ಕ ತೂತು ಐತಿ."

"ತೂತಿದ್ರ ಮುಚ್ಚೂಣು. ಕೆಲಗೇರಿ ಕೆರ್‍ಯಾಗ ಬಿಡಾಕ ಪರವಾನಗಿ ಕೇಳೂಣು," ಎಂದರು ಕಾಕು. "ನನಗ ಅದು ಬೇಕು."

"ನನಗ ಬೇಕು" ಎಂಬ ಮಾತನ್ನು ಕಾಕುವಿನ ಬಾಯಲ್ಲಿ ಅದಕ್ಕೂ ಮೊದಲು ಯಾರೂ ಕೇಳಿದ್ದಿಲ್ಲ. ಕಾಕಾ ಹೆಂಡತಿಯನ್ನು ಬಹಳ ಹೊತ್ತು ನೋಡಿದರು. ಮರುದಿನವೇ ದೋಣಿ ತರಲು ಟ್ರೇಲರ್ ಹುಡುಕುವ ಕೆಲಸ ಶುರುವಾಯಿತು. ಶುರುವಾಯಿತು ಎಂದೆ, ಮುಗಿಯಿತು ಎನ್ನಲಿಲ್ಲ!

ಶಿರಗುಪ್ಪಿಯಲ್ಲಿರುವ ನಮ್ಮ ಅಣ್ಣ ತನ್ನ ಟ್ರ್ಯಾಕ್ಟರಿನ ಟ್ರೇಲರ್ ಒಯ್ಯಿರಿ ಎಂದ. "ಗೊಬ್ಬರದ ಚೀಲ ಹೇರಿದ್ರ ಜಗ್ಗೂದಿಲ್ಲ ಕಾಕಾ. ನಿಮ್ಮ ದೋಣಿ ಯಾವ ಗಿಡದ ತಪ್ಪಲಾ?"

ಕಾಕಾ ಖಾಲಿ ಟ್ರೇಲರಿನಲ್ಲಿ ತಾವೇ ಹತ್ತಿ ಕುಳಿತು, ಹೊಲದ ದಾರಿಯಲ್ಲಿ ಓಡಿಸಲು ಹೇಳಿದರು. ಇಳಿಯುವಾಗ ಎರಡೂ ಕೈಯಿಂದ ದವಡೆ ಹಿಡಿದುಕೊಂಡಿದ್ದರು.

"ಇದರ ಸ್ಪ್ರಿಂಗ್ ಪಟ್ಟಿ ಭಾರಕ್ಕ ಬಗ್ಗೂವಂಥಾವು. ಹಗುರ ದೋಣಿ ಇಟ್ರ ಬಗ್ಗೂದಿಲ್ಲ, ಪುಟಿತೈತಿ. ಕಾರವಾರದಾಗ ದೋಣಿ ಹೇರಿದ್ರ ಹುಬ್ಬಳ್ಯಾಗ ಕಟಗಿ ಇಳಸಬೇಕಾಗತೈತಿ."

ಹಾಗಾಗಿ ಹಗುರ ಟ್ರೇಲರನ್ನೇ ಮಾಡಿಸುವುದೆಂದಾಯಿತು. ವೆಲ್ಡಿಂಗ್ ಅಂಗಡಿಯಲ್ಲಿ ಕಾಕಾ ದಿನವೂ ಸ್ಟೀಲಿನ ಚಮಚೆ ಹಿಡಿದು ಪ್ರತಿಯೊಂದು ಬೆಸುಗೆಯನ್ನೂ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ಅಂಗಡಿಯವನ ತಾಳ್ಮೆ ತಪ್ಪಿತು. "ಸಾಹೇಬ್ರ, ಇದು ಟ್ರೇಲರ್ ರೀ, ತಬಲಾ ಅಲ್ಲ!"

ಟ್ರೇಲರ್ ಮನೆಗೆ ಬಂತು. ಇನ್ನು ಮೂಗಿನ ಭಾರದ ಪರೀಕ್ಷೆ. ಟ್ರೇಲರಿನ ಮೂಗು, ಅಂದರೆ ಎಳೆಯುವ ಗಾಡಿಗೆ ಕೊಂಡಿ ಹಾಕುವ ತುದಿ, ತೀರ ಹಗುರವಾದರೆ ಟ್ರೇಲರ್ ರಸ್ತೆಯಲ್ಲಿ ನಾಯಿಯ ಬಾಲದಂತೆ ಅಲ್ಲಾಡುತ್ತದಂತೆ. ತೀರ ಭಾರವಾದರೆ ಗಾಡಿಯ ಹಿಂಭಾಗ ಕುಸಿಯುತ್ತದಂತೆ. ಕಾಕಾ ದೋಣಿಯ ಬದಲು ಉಸುಕಿನ ಚೀಲ ಹೇರಿ, ಮೂಗಿನ ಕೆಳಗೆ ಮನೆಯಲ್ಲಿದ್ದ ತೂಕದ ಯಂತ್ರ ಇಟ್ಟರು. ಆದರೆ ಆ ಯಂತ್ರವನ್ನು ನಂಬುವುದು ಹೇಗೆ? ನನ್ನನ್ನು ಅದರ ಮೇಲೆ ನಿಲ್ಲಿಸಿದರು.

"ನಿನ್ನ ತೂಕ ಎಷ್ಟು?"

ನಾನು ಹೇಳಿದೆ. ಯಂತ್ರ ಬೇರೆಯೇ ಹೇಳಿತು.

"ಒಂದೋ ಇದು ಸುಳ್ಳ ಹೇಳಾಕತ್ತೈತಿ, ಇಲ್ಲಾ ನೀನರ ಹೇಳಾಕತ್ತಿ."

ಅಡುಗೆಮನೆಯಿಂದ ಕಾಕುವಿನ ದನಿ ಬಂತು: "ಯಂತ್ರ ಸರಿ ಐತಿ!"

ಖಾಲಿ ಟ್ರೇಲರನ್ನು ಅಣ್ಣನ ಟ್ರ್ಯಾಕ್ಟರಿಗೆ ಕಟ್ಟಿ ಓಡಿಸಿ ನೋಡಲು ಹೋದಾಗ ಪೊಲೀಸರೊಬ್ಬರು ಅಡ್ಡಗಟ್ಟಿದರು. ಟ್ರೇಲರಿನ ಮೇಲೆ ದೋಣಿ ಕೂರಿಸಲು ಉದ್ದನೆಯ ಕಟ್ಟಿಗೆ, ದೋಣಿ ಉಜ್ಜಬಾರದೆಂದು ಅದಕ್ಕೆ ಸುತ್ತಿದ ಹಳೆಯ ಜಮಖಾನೆ. ಯಾರಿಗಾದರೂ ಸಂಶಯ ಬರುವುದೇ!

"ಇದರಾಗ ಏನ್ ಒಯ್ತೀರಿ?"

"ದೋಣಿ."

"ಎಲ್ಲೈತ್ರಿ ದೋಣಿ?"

"ಇನ್ನಾ ಬಂದಿಲ್ಲ."

"ನೀರು?"

"ಅದೂ ಇಲ್ಲೆ ಇಲ್ರಿ."

ಅವರು ಕಾಗದಪತ್ರಗಳನ್ನು ನೋಡಿದರು, ಕಾಕಾನ ಮುಖ ನೋಡಿದರು, ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು: "ಮನ್ಯಾಗ ಬ್ಯಾರೆ ಯಾರರ ಹಿರ್‍ಯಾರು ಅದಾರೇನ್ರಿ?"

ಮುಂದೆ ಘಟ್ಟದ ದಾರಿಯಲ್ಲಿ ಎಳೆಯುವ ಗಾಡಿಯ ಆಯ್ಕೆ. ನಾನು ನನ್ನ ಸಣ್ಣ ಕಾರು ಕೊಡುತ್ತೇನೆಂದೆ. ಕಾಕಾ ಅದರ ಸುತ್ತ ಒಂದು ಸುತ್ತು ಬಂದರು. "ಏರಿನಾಗ ನಿನ್ನ ಕಾರು ದೋಣಿ ಎಳಿಯೂದಿಲ್ಲ. ದೋಣಿನೇ ನಿನ್ನ ಕಾರು ಹಿಂದಕ್ಕ ಎಳಕೊಂಡು ಸಮುದ್ರಕ್ಕ ಹೋಗತೈತಿ." ಪಿಕಪ್ ಗಾಡಿಯವನೊಬ್ಬ ತನ್ನ ಗಾಡಿ ಆನೆಯನ್ನೂ ಎಳೆಯುತ್ತದೆ ಎಂದು ಕೊಚ್ಚಿಕೊಂಡ. "ಎಳಿಯೂದಿರಲಿ, ಕತ್ತೆನೂ ಎಳಿತೈತಿ. ಇಳಕಲಿನ್ಯಾಗ ಆನಿ ಹಿಂದಿಂದ ದಬ್ಬಿದ್ರ ನಿಲ್ಲತೈತೇನು, ಅದನ್ನ ಹೇಳು," ಎಂದರು ಕಾಕಾ. ಅವನು ಆನೆಯನ್ನು ಕರೆದುಕೊಂಡು ಹೊರಟುಹೋದ.

ಹೀಗೇ ಒಂದು ಮಳೆಗಾಲ ಬಂದು ಹೋಯಿತು. ಈಗ ಸಂಶಯ ಪಡುವ ಸರದಿ ನಮ್ಮದು. ಇವರಿಗೆ ನಿಜವಾಗಿ ದೋಣಿ ತರುವ ಮನಸ್ಸಿದೆಯೋ, ಹೀಗೆಯೇ ಕಾಲ ತಳ್ಳುತ್ತಿದ್ದಾರೋ? ಮಾಮಾ ಫೋನಿನಲ್ಲಿ ಕೇಳಿಯೇಬಿಟ್ಟರು: "ನಿನ್ನ ಗಂಡಗ ನನ್ನ ದೋಣಿ ಬ್ಯಾಡಾಗಿದ್ರ ಖರೇ ಹೇಳವಾ. ಬ್ಯಾರೆಯವರಿಗೆ ಕೊಟ್ಟಬಿಡ್ತೇನಿ." ಕಾಕು ಫೋನು ಇಟ್ಟರು. ಆಮೇಲೆ ಅವರು ದೋಣಿಯ ಹೆಸರು ಎತ್ತುವುದನ್ನೇ ಬಿಟ್ಟರು. ಊಟಕ್ಕೆ ಬಡಿಸುವಾಗ ಮೊದಲಿನಂತೆ ಬಡಿಸುತ್ತಿದ್ದರು, ಮಾತು ಮಾತ್ರ ಇರಲಿಲ್ಲ.

ಅದೇ ವಾರ ಕಾಕಾ ತಮ್ಮ ಗೆಳೆಯರೊಬ್ಬರ ಭಾರೀ ಡೀಸೆಲ್ ಜೀಪು ತಂದರು. ಉಸುಕು ಹೇರಿದ ಟ್ರೇಲರನ್ನು ಅದಕ್ಕೆ ಕಟ್ಟಿ, ನೃಪತುಂಗ ಬೆಟ್ಟದ ಏರಿನ ನಡುವೆ ನಿಲ್ಲಿಸಿದರು, ಮತ್ತೆ ಹೊರಡಿಸಿದರು, ಇಳಿದು ಬಾನೆಟ್ಟಿಗೆ ಮೂಗು ಹಚ್ಚಿ ಕ್ಲಚ್ ಸುಟ್ಟ ವಾಸನೆ ಬರುತ್ತಿದೆಯೇ ಎಂದು ಮೂಸಿದರು. ವಾಕಿಂಗ್ ಬಂದವರು ನಿಂತು ನೋಡಿದರು. "ಇದು ನಡೀತೈತಿ," ಎಂದರು ಕಾಕಾ. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಹೊರಟದ್ದಿಲ್ಲ.

ಕಾಕಾ, ಕಾಕು, ನಾನು ಕಾರವಾರಕ್ಕೆ ಹೋದೆವು. ಮಾಮಾ ದೋಣಿಯನ್ನು ತೊಳೆದು, ಮರಳಿನ ಮೇಲೆ ಬೋರಲು ಹಾಕಿ ಕಾಯುತ್ತಿದ್ದರು. ಕಾಕಾ ನಮಸ್ಕಾರ ಮಾಡುವುದಕ್ಕೂ ಮೊದಲು ಕೆಳಗೆ ತೂರಿ, ಬೆಳಕು ನುಸುಳುತ್ತದೆಯೇ ಎಂದು ತೂತು ಹುಡುಕಿದರು. ಎಲ್ಲೂ ಇರಲಿಲ್ಲ. ಹೊರಬಂದವರ ಮುಖದಲ್ಲಿ ಮೋಸ ಹೋದ ಭಾವ! ಮಾಮಾ ಕೂಡ ಕಡಿಮೆಯವರಲ್ಲ. ಟ್ರೇಲರಿನ ಗಾಲಿ, ಸರಪಳಿ, ಜಮಖಾನೆ ಸುತ್ತಿದ ಕಟ್ಟಿಗೆ, ಎಲ್ಲವನ್ನೂ ಕೈಯಿಂದ ತಡವಿ ನೋಡಿದರು. ದೋಣಿ ಹೇರಿಯಾಯಿತು, ಕಾಕಾ ಹಗ್ಗ ಬಿಗಿದರು.

"ಯಾರು ಕಟ್ಟಿದ್ದು ಈ ಗಂಟು?"

"ನಾನ್ರಿ."

"ಬಿಚ್ಚು."

ಮಾಮಾ ಬಿಚ್ಚಿಸಿ ತಾವೇ ಕಟ್ಟಿದರು. ಅವರು ಅತ್ತ ತಿರುಗಿದ ಕೂಡಲೇ ಕಾಕಾ ಅದನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದರು.

ಜೀಪು ಹೊರಟಿತು. ಮಾಮಾ ದೋಣಿಯ ಹಿಂಬದಿಯ ಮೇಲೆ ಅಂಗೈ ಇಟ್ಟು, ಮರಳಿನ ಹಾದಿಯಲ್ಲಿ ಅದರ ಜೊತೆಗೇ ನಡೆದು ಬಂದರು. ಡಾಂಬರು ರಸ್ತೆ ಸಿಕ್ಕಿತು, ಗಾಡಿ ವೇಗ ಹಿಡಿಯಿತು, ಕೈ ಜಾರಿತು. ಕಾಕು ಹಿಂದೆ ತಿರುಗಿ ನೋಡಲಿಲ್ಲ. ಕಾಕಾ ಮಾತ್ರ ಕನ್ನಡಿಯಲ್ಲಿ ನೋಡುತ್ತಲೇ ಇದ್ದರು. ಸ್ವಲ್ಪ ದೂರ ಹೋದವರು ಗಾಡಿ ನಿಲ್ಲಿಸಿ, ಇಳಿದು, ಅಷ್ಟು ದೂರವೂ ಹಿಂದಕ್ಕೆ ನಡೆದುಹೋದರು. ನಾನೂ ಇಳಿದು ಹಿಂದೆ ಹೋದೆ.

"ಭಾವಾರ, ಗಾಡಿ ಹತ್ರಿ."

"ಎಲ್ಲಿಗೆ?"

"ಘಟ್ಟ ಏರಬೇಕು. ದಾರ್‍ಯಾಗ ಹಗ್ಗ ಸಡ್ಲ ಆದ್ರ ನನಗ ತಿಳಿಯೂದಿಲ್ಲ."

"ನನಗ ಕಣ್ಣ ಕಾಣಂಗಿಲ್ಲೋ ಮಾರಾಯಾ."

"ಕಣ್ಣಲೇ ನೋಡ್ರಿ ಅಂತ ಯಾರ ಅಂದ್ರು? ಕೈಲೇ ನೋಡ್ರಿ."

ಮಾಮಾ ಅಂಗೈಗೆ ಅಂಟಿದ ಮರಳು ಕೊಡವಿದರು. "ಮತ್ತ ಇಲ್ಲಿಗೆ ಹೊಳ್ಳಿ ಬರೂದು ಹೆಂಗ?"

ಕಾಕಾ ಅವರ ಮುಖ ನೋಡದೆ ಸಮುದ್ರದ ಕಡೆ ನೋಡಿದರು. "ದೋಣಿ ಹೊಳ್ಳಿ ಬರೂದಿಲ್ಲಲ್ರಿ. ನೀವ್ಯಾಕ ಬರ್ತೀರಿ?"

ಒಂದು ಚೀಲದಷ್ಟು ಬಟ್ಟೆ ತೆಗೆದುಕೊಂಡು ಮಾಮಾ ಮುಂದಿನ ಸೀಟಿನಲ್ಲಿ ಕುಳಿತರು. ಘಟ್ಟ ಏರಿ ಯಲ್ಲಾಪುರದಲ್ಲಿ ಚಹಾಕ್ಕೆ ನಿಂತೆವು. ಚಹಾ ಬರುವುದರೊಳಗೆ ಕಾಕಾ ಮಾಮಾನ ಕೈ ಹಿಡಿದು ಟ್ರೇಲರಿನ ಬಳಿ ಕರೆದೊಯ್ದರು. ಅವರ ಬೆರಳುಗಳನ್ನು ಒಂದೊಂದೇ ಗಂಟಿನ ಮೇಲಿಟ್ಟು, "ಇದು ಬಿಗಿ ಐತೇನು ನೋಡ್ರಿ... ಇದು?" ಎನ್ನುತ್ತ ದೋಣಿಯ ಸುತ್ತ ನಿಧಾನವಾಗಿ ನಡೆಸುತ್ತಿದ್ದರು.

"ಕಾಕು, ಹಗ್ಗ ಸಡ್ಲ ಆಗ್ಯಾವೇನು?" ಎಂದು ನಾನು ಗಾಬರಿಯಿಂದ ಕೇಳಿದೆ.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಲ್ಲಾ ಬಿಗಿನ ಅದಾವ. ನಾ ಆಗಳೆ ಇಳದು ನೋಡೇನಿ," ಎಂದರು. "ನೀ ಸುಮ್ಮಕಿರು. ಅವರಿಬ್ಬರಿಗೂ ಹೇಳಬ್ಯಾಡ."