ವಸಡಿಗೆ ಮೂರು ಕೋಟು

ಹಲ್ಲಿನ ಡಾಕ್ಟರುಗಳೆಂದರೆ ಪೇಂಟಿಂಗ್ ಮೇಸ್ತ್ರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮೂವತ್ತೆರಡು ಹಲ್ಲು ನೋಡಿಕೊಳ್ಳುವುದಕ್ಕೆ ಐದು ವರ್ಷ ಓದಬೇಕಂತೆ! ಮೇಸ್ತ್ರಿ ಐದನೇ ಕ್ಲಾಸಿಗೇ ಶರಣು ಹೊಡೆದು, ಹಗ್ಗಕ್ಕೆ ಜೋತುಬಿದ್ದು ಮೂರಂತಸ್ತಿನ ಕಟ್ಟಡಗಳಿಗೆ ಬಣ್ಣ ಬಳಿದು ಸಂಸಾರ ನಡೆಸಿದವನು. ಅವನ ಲೆಕ್ಕದಲ್ಲಿ ಊರಿನಲ್ಲಿ ಕೆಲಸ ಬಲ್ಲವರು ಇಬ್ಬರೇ. ಒಬ್ಬ ಅವನು. ಇನ್ನೊಬ್ಬ ತೀರಿಕೊಂಡಿದ್ದ.

ಬಣ್ಣ ಮೆತ್ತದಂತೆ ಕಿಟಕಿಯ ಅಂಚಿಗೆ ಅಂಟಿಸುವ ಟೇಪನ್ನು, ಕತ್ತರಿ ಹುಡುಕುವ ತಾಳ್ಮೆಯಿಲ್ಲದೆ, ಹಲ್ಲಿನಿಂದಲೇ ಹರಿಯುವುದು ಅವನ ಪದ್ಧತಿ. ಒಂದು ಬೆಳಿಗ್ಗೆ ಹಾಗೆ ಕಚ್ಚಿ ಎಳೆದರೆ ಟೇಪು ಹರಿಯಲಿಲ್ಲ; ಕೆಳಗಿನ ಮುಂದಿನ ಹಲ್ಲು ಅಲುಗಾಡಿತು. ಟೇಪಿನ ಮೇಲೆ ರಕ್ತ. ಕಳಪೆ ಟೇಪು ಮಾರಿದ್ದಕ್ಕೆ ಅಂಗಡಿಯವನಿಗೆ ಬೈದು ಮನೆಗೆ ಬಂದ.

ಹೆಂಡತಿ ಬಾಯಿ ತೆಗೆಸಿ ನೋಡಿ ಮೂಗು ಮುಚ್ಚಿಕೊಂಡಳು.

“ವಸಡೆಲ್ಲ ಊದ್ಕೊಂಡಿದೆ ಕಣ್ರೀ. ನಡೀರಿ, ಡಾಕ್ಟರ ಹತ್ರ ಹೋಗೋಣ.”

“ಡಾಕ್ಟರ ಹತ್ರ? ನಮ್ಮ ಬೀದಿ ಟೈಲರ್ ಏನಂದ ಗೊತ್ತಾ? ವಸಡನ್ನ ಲಕೋಟೆ ಥರ ಬಿಚ್ಚಿ, ಒಳಗೆಲ್ಲ ಕೆರೆದು, ಮತ್ತೆ ಹೊಲಿಗೆ ಹಾಕ್ತಾರಂತೆ. ಅವನ ಷಡ್ಡಕನಿಗೆ ಹಾಗೇ ಮಾಡಿದ್ರಂತೆ.”

“ಹೆದರಿಕೆ ಅಂತ ಹೇಳಿ, ಸಾಕು.”

“ಹೆದರಿಕೆನಾ? ನನಗಾ? ಮೂರನೇ ಮಹಡೀಲಿ ಒಂಟಿ ಹಗ್ಗದ ಮೇಲೆ ನಿಂತೋನು ನಾನು!”

“ಹಾಗೇ ನಿಂತಿರಿ. ಹಲ್ಲು ಮಾತ್ರ ಕೆಳಗೆ ಬೀಳುತ್ತೆ.”

(ಮೇಸ್ತ್ರಿಯ ಕೈಕಾಲು ನಡುಗುತ್ತಿದ್ದದ್ದು ನಿಜ. ಆದರೆ ಅವನು ಅದನ್ನು ಸಿಟ್ಟು ಎಂದೇ ಕರೆಯುತ್ತಿದ್ದ.)

ಅಂತೂ ಹೋದರು. ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತಳು. ಮೇಸ್ತ್ರಿ ಒಳಗೆ ಕಾಲಿಡುತ್ತಲೇ ಗೋಡೆಯ ಪುಟ್ಟಿ ಏರುಪೇರಾಗಿರುವುದನ್ನು ಕಂಡು, ಇವರ ಯೋಗ್ಯತೆ ಇಷ್ಟೇ ಎಂದು ತೀರ್ಮಾನಿಸಿದ. ಡಾಕ್ಟರಮ್ಮ, ಅವನ ಮಗಳ ವಯಸ್ಸಿನವಳು, ಗೆರೆ ಹಾಕಿದ ಸಣ್ಣ ಸಲಾಕೆಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ಅಳೆದಳು.

“ಐದು... ಐದು... ಆರು. ಸಂದಿಯ ಆಳ ಮೂರು ಮಿಲಿಮೀಟರಿನೊಳಗೆ ಇರಬೇಕಿತ್ತು ಮೇಸ್ತ್ರಿ.”

“ಕುಯ್ತೀರಾ?” ಮೇಸ್ತ್ರಿಯ ದನಿ ಸೂಜಿಯಂತೆ ಸಣ್ಣಗೆ ಹೊರಟಿತು.

“ಈಗಲೇ ಬೇಡ. ಬುಡದಲ್ಲಿ ಗಾರೆ ಥರ ಗಟ್ಟಿಯಾಗಿ ಕಟ್ಕೊಂಡಿದೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಎರಡು ಸಲ ಕೂರಿಸಿ ಅದನ್ನೆಲ್ಲ ತೆಗೀತೀನಿ. ಆಮೇಲೆ ಮೂರು ತಿಂಗಳು ನಿಮ್ಮ ಕೆಲಸ. ವಸಡು ಬಿಗಿದುಕೊಂಡ್ರೆ ಸರಿ. ಇಲ್ಲಾಂದ್ರೆ ಬಿಚ್ಚಲೇಬೇಕು.”

ಹಲ್ಲಿನ ಸಂದಿಗೆ ತೂರಿಸಲು ಒಂದು ಬ್ರಷ್ ಕೊಟ್ಟಳು. ಆರಿಂಚಿನ ಬ್ರಷ್ ಹಿಡಿದು ಪಳಗಿದ ಕೈಗೆ ಇಲಿಮರಿಯ ಮೀಸೆಯಂಥದ್ದು.

“ಇದರಲ್ಲಿ ಏನು, ಸೊಳ್ಳೆ ಮನೆಗೆ ಸುಣ್ಣ ಹೊಡೀಬೇಕಾ?”

“ಹೊಡೀರಿ, ದಿನಾ ರಾತ್ರಿ. ಬಾಯಿ ಮುಕ್ಕಳಿಸೋದಕ್ಕೆ ಈ ಔಷಧಿ. ಅರ್ಧ ಔಷಧಿ, ಅರ್ಧ ನೀರು. ದಿನಕ್ಕೆ ಎರಡು ಸಲ, ಹದಿನೈದೇ ದಿನ. ಮುಕ್ಕಳಿಸಿದ ಕೂಡಲೇ ಟೀ ಕುಡೀಬೇಡಿ.”

ನೀರಂತೆ, ನೀರು! ನೀರು ಬೆರೆಸುವವನು ಕಳ್ಳ, ಒಂದು ಕೋಟಿಗೆ ಕೈತೊಳೆದುಕೊಳ್ಳುವವನು ಸೋಮಾರಿ ಎಂಬುದು ಮೇಸ್ತ್ರಿಯ ವೃತ್ತಿಧರ್ಮ. ಆ ಧರ್ಮವನ್ನು ಸ್ವಂತ ಬಾಯಿಯಲ್ಲಿ ಬಿಟ್ಟುಕೊಡುವುದುಂಟೇ? ಬೆಳಿಗ್ಗೆ ಪ್ರೈಮರು, ಮಧ್ಯಾಹ್ನ ಒಂದು ಕೋಟು, ರಾತ್ರಿ ಫಿನಿಷಿಂಗು. ಕಹಿ ಹೋಗಲೆಂದು ಮೇಲೊಂದು ಲೋಟ ಬಿಸಿ ಟೀ. ಹದಿನೈದು ದಿನ ಮುಗಿಯಿತು, ಮೇಸ್ತ್ರಿ ನಿಲ್ಲಿಸಲಿಲ್ಲ. ಬಾಟಲಿಯ ಮೇಲೆ ಬಾಟಲಿ ತಂದ.

ಸುಳ್ಳು ಹೇಳಬಾರದು, ಇಲಿಮೀಸೆಯ ಕೆಲಸವನ್ನೂ ಚಾಚೂ ತಪ್ಪದೆ ಮಾಡಿದ. ಹೊಲಿಗೆಯ ಭಯ ಅಂಥದ್ದು. ತಿಂಗಳೊಳಗೆ ರಕ್ತ ನಿಂತಿತು. ಆದರೆ ಮನೆಯಲ್ಲಿ ಬೇರೊಂದು ರಗಳೆ ಶುರುವಾಯಿತು.

“ಉಪ್ಪಿಲ್ಲ.”

“ಹಾಕಿದೀನಲ್ರೀ.”

“ನಾಲಿಗೆ ನಂದಾ, ನಿಂದಾ? ಗೋಡೆ ನೆಕ್ಕಿದ್ರೂ ಇದಕ್ಕಿಂತ ರುಚಿ ಇರುತ್ತೆ!”

ಮರುದಿನ ಅವಳು ಒಂದು ಚಮಚ ಹೆಚ್ಚು ಹಾಕಿದಳು. ಅದರ ಮರುದಿನ ಇನ್ನೊಂದು. ಜೊತೆಯಲ್ಲೇ ಇದ್ದ ಅವಳಪ್ಪ ಎರಡು ತುತ್ತಿಗೆ ಒಂದು ಚೊಂಬು ನೀರು ಕುಡಿದು, “ಸಮುದ್ರದಲ್ಲಿ ಮುಳುಗಿ ಎದ್ದ ಹಾಗಿದೆ ಮಗಳೇ” ಎಂದರು.

“ಮಾವನೋರಿಗೆ ವಯಸ್ಸಾಯ್ತು, ನಾಲಿಗೆ ಕೆಟ್ಟಿದೆ” ಎಂದು ಮೇಸ್ತ್ರಿ ವೈದ್ಯಕೀಯ ಅಭಿಪ್ರಾಯ ಕೊಟ್ಟ. ನಾದಿನಿ ಊಟಕ್ಕೆ ಬಂದಾಗ ಅವಳೆದುರೇ, “ನಿಮ್ಮಮ್ಮ ನಿಮ್ಮಿಬ್ಬರಿಗೂ ಒಲೆ ಹಚ್ಚೋದು ಬಿಟ್ಟು ಬೇರೇನೂ ಕಲಿಸಿಲ್ಲ” ಎಂದ. ಹೆಂಡತಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ಇಪ್ಪತ್ತೆರಡು ವರ್ಷ ಕಣ್ಣಳತೆಯಲ್ಲಿ ಅಡುಗೆ ಮಾಡಿದವಳು ಈಗ ಉಪ್ಪನ್ನು ಅಳೆದು ಹಾಕಿ, ಮೂರು ಮೂರು ಸಲ ರುಚಿ ನೋಡಿ, ಕೊನೆಗೆ ತನ್ನ ನಾಲಿಗೆಯನ್ನೇ ನಂಬದಾದಳು.

ಒಮ್ಮೆ ಮಾತ್ರ, “ನಿಮ್ಮ ಹಲ್ಲು ಕಂದು ತಿರುಗ್ತಾ ಇದೆಯಲ್ರೀ?” ಎಂದಳು.

“ಔಷಧಿ ಹಿಡೀತಾ ಇದೆ. ಬಣ್ಣದ ವಿಷಯ ನನಗೆ ಹೇಳಿಕೊಡ್ತೀಯಾ?”

ಮೂರು ತಿಂಗಳು ತುಂಬಿತು. ಈ ಸಲ ಹೆಂಡತಿಯೂ ಒಳಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ಸಲಾಕೆ ಇಳಿಯಿತು. ಮೇಸ್ತ್ರಿ ಕಣ್ಣು ಮುಚ್ಚಿ ಕುಲದೇವರಿಗೆಲ್ಲ ಅರ್ಜಿ ಹಾಕಿದ.

“ಮೂರು... ಎರಡು... ಮೂರು. ಹಲ್ಲೂ ಬಿಗಿಯಾಗಿದೆ. ಆಪರೇಷನ್ ಬೇಡ ಮೇಸ್ತ್ರಿ!”

ಮೇಸ್ತ್ರಿ ಬಾಯಿ ಕಿವಿಗೆ ತಾಗುವಂತೆ ನಕ್ಕ. ಡಾಕ್ಟರಮ್ಮ ದೀಪವನ್ನು ಹತ್ತಿರಕ್ಕೆ ಎಳೆದಳು.

“ಇದೇನು, ಬಾಗಿಲಿಗೆ ವಾರ್ನಿಷ್ ಹೊಡೆದ ಹಾಗಿದೆ? ಆ ಔಷಧಿ ಎಷ್ಟು ದಿನ ಹಾಕಿದ್ರಿ?”

“ಮೂರು ತಿಂಗಳು! ದಿನಕ್ಕೆ ಮೂರು ಸಲ! ಒಂದು ಹನಿ ನೀರು ಬೆರೆಸಿದ್ರೆ ಕೇಳಿ!” ಮೇಸ್ತ್ರಿ ಮಲಗಿದಲ್ಲೇ ಎದೆ ಸೆಟೆಸಿದ.

ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡಳು. “ಕಲೆ ಉಜ್ಜಿ ತೆಗೀಬಹುದು, ಬಿಡಿ. ಔಷಧಿ ಇವತ್ತೇ ನಿಲ್ಲಿಸಿ. ಅದು ಅತಿಯಾದ್ರೆ ನಾಲಿಗೆಗೆ ಉಪ್ಪು ಗೊತ್ತಾಗೋದೇ ಇಲ್ಲ. ಊಟವೆಲ್ಲ ಸಪ್ಪೆ ಅನ್ನಿಸ್ತಿರಬೇಕಲ್ಲ ನಿಮಗೆ?”

ಮೂಲೆಯ ಕುರ್ಚಿ ಕಿರ್ರೆಂದಿತು. ಹೆಂಡತಿ ಎದ್ದು, ಮಡಿಲಲ್ಲಿದ್ದ ಚೀಲವನ್ನು ನಿಧಾನವಾಗಿ ಹೆಗಲಿಗೇರಿಸಿಕೊಂಡಳು.

“ಏಳಿ. ಮನೆಗೆ ಹೋಗೋಣ.”

ಅದರಲ್ಲಿ ಒಂದೇ ಒಂದು ‘ರೀ’ಯೂ ಇರಲಿಲ್ಲ.

ಮೇಸ್ತ್ರಿ ಕುರ್ಚಿಯ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡು, ಡಾಕ್ಟರಮ್ಮನ ಕಡೆ ಕತ್ತು ಚಾಚಿ ಪಿಸುಗುಟ್ಟಿದ:

“ಅಮ್ಮಾ, ಇನ್ನೊಂದ್ಸಲ ಅಳೀರಿ. ಹಿಂದುಗಡೆ ಎಲ್ಲೋ ಒಂದು ಆರು ಇದ್ದೇ ಇರುತ್ತೆ. ಆಪರೇಷನ್ ಅಂದ್ರೆ... ನಾಲ್ಕು ದಿನ ಇಲ್ಲೇ ಮಲಗಿಸ್ಕೋತೀರಲ್ವಾ?”