ಜಡ್ಜ್ ಸಾಹೇಬರ ಕೋಟು

ಟೀವಿಯಲ್ಲಿ ನ್ಯಾಯಾಧೀಶರು ಬಂದು ಕುರ್ಚಿಯ ಮೇಲೆ ಕುಳಿತಾಗ ಟೈಲರ್ ಮಾಸ್ಟರಿಗೆ ಕಂಡದ್ದು ಒಂದು ನೆನೆದ ಗೋಣಿಚೀಲ. ಹನ್ನೊಂದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಗುಂಡಿ ಹಾಕುವ ಕಾಜಾಗಳನ್ನೆಲ್ಲ ಕೈಯಲ್ಲೇ ತೆಗೆದು ಹೊಲಿದ ಕರಿ ಕೋಟು ಅದು. ಇವರ ಕೈಯ ಹೊಲಿಗೆ ಟೀವಿಯ ಮೇಲೆ ಬಂದದ್ದು ಇದೇ ಮೊದಲು. ಧಾರಾವಾಹಿ ಆ ಭಾನುವಾರ ಬೆಳಗ್ಗೆಯಷ್ಟೇ ಇಂಟರ್ನೆಟ್ಟಿಗೆ ಬಂದಿತ್ತು. ಮಾಸ್ಟರು ಸ್ನಾನ ಮುಗಿಸಿ, ಇಸ್ತ್ರಿಯ ಅಂಗಿ ತೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರೆ, ಕಾಲರ್ ಎಲ್ಲಿ, ಗುಂಡಿ ಎಲ್ಲಿ, ಒಂದೂ ಗೊತ್ತಾಗದು. ಎಲ್ಲ ಕಲಸಿದ ಹಿಟ್ಟು.

"ಜಡ್ಜ್ ಮುಖಾನೂ ಹಾಗೇ ಇದೆಯಲ್ರೀ," ಎಂದು ಹೆಂಡತಿ ಸಮಾಧಾನ ಹೇಳಿದಳು.

"ಮುಖ ನಾನು ಹೊಲಿದಿದ್ದಲ್ಲ," ಎಂದರು ಮಾಸ್ಟರು.

ಅವರು ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷ ಕೊಳಲು ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಬಂದು, ವೈಫೈ ಪೆಟ್ಟಿಗೆಯ ಸ್ವಿಚ್ ಆರಿಸಿ ಮತ್ತೆ ಹಾಕಿ ನೋಡಿ ಎಂದಳು. ಮಾಸ್ಟರ ಪಿತ್ತ ನೆತ್ತಿಗೇರಿತು. ಕಂಕುಳಲ್ಲಿ ಬಿಗಿಯಾಗುತ್ತದೆ ಎಂದು ಗಿರಾಕಿ ಬಂದರೆ, ಅಂಗಿ ಬಿಚ್ಚಿ ಮತ್ತೆ ತೊಟ್ಟುಕೋ ಎಂದು ನಾನು ಕಳಿಸುತ್ತೇನೆಯೇ ಎಂದು ಕೇಳಿದರು. ಹುಡುಗಿ ಅದಕ್ಕೂ, ಒಮ್ಮೆ ಸ್ವಿಚ್ ಆರಿಸಿ ನೋಡಿ ಸರ್, ಎಂದಳು. ಆರಿಸಿ ಹಾಕಿದ ಮೇಲೆ ಗೋಣಿಚೀಲ ಇನ್ನಷ್ಟು ನೆನೆಯಿತು.

ಅವರ ಕೂಗು ಕೇಳಿ ಮಹಡಿಯ ಮೇಲಿನ ನಿವೃತ್ತ ಹೆಡ್‌ಮಿಸ್ ಇಳಿದು ಬಂದರು. ಮೂವತ್ತು ವರ್ಷ ಶಾಲೆ ನಡೆಸಿದ ಹೆಂಗಸು; ಇನ್ನೊಬ್ಬರ ತಪ್ಪು ಹುಡುಕುವುದರಲ್ಲಿ ಅವರ ಕಣ್ಣು ಈಗಲೂ ಮಂಜಾಗಿರಲಿಲ್ಲ. ವೈಫೈ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟರೆ ಸಿಗ್ನಲ್ ಹೇಗೆ ಹೊರಗೆ ಬರಬೇಕು, ಅದನ್ನು ಎತ್ತರದಲ್ಲಿ ಬಯಲಿಗೆ ಇಡಬೇಕು ಎಂದು ಪಾಠ ಮಾಡಿದರು. ವೈರು ಗಿಡ್ಡ. ಎಳೆದಾಡಿ ಎಳೆದಾಡಿ, ಕೊನೆಗೆ ಮುಂದಿನ ಕೋಣೆಯಲ್ಲಿ ಬಟ್ಟೆ ತೊಡಿಸಲು ನಿಲ್ಲಿಸಿದ್ದ ಗೊಂಬೆಯ ಕೊರಳಿಗೆ ಪೆಟ್ಟಿಗೆ ಕಟ್ಟಿದರು. ಆ ಗಲಾಟೆಯಲ್ಲಿ ಗೊಂಬೆಯ ಒಂದು ಕೈ ಕಳಚಿ ಮಾಸ್ಟರ ಕಾಲಿನ ಮೇಲೆ ಬಿತ್ತು. ಅವರು ಕುಂಟುತ್ತ ಟೀವಿಯ ಮುಂದೆ ಬಂದು ನೋಡಿದರೆ ಗೋಣಿಚೀಲ ಕಂಬಳಿಯಾಗಿತ್ತು. ಅಷ್ಟೇ ಲಾಭ.

ಆಮೇಲೆ ಭಾಮೈದ ಬಂದ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವನನ್ನು ಅಕ್ಕನೇ ಕರೆಸಿದ್ದಳು. ತನ್ನ ಫೋನಿನಲ್ಲಿ ಏನೇನೋ ಒತ್ತಿ ನೋಡಿ ಹುಬ್ಬೇರಿಸಿದ.

"ಭಾವ, ನಿಮ್ಮ ವೈಫೈನಲ್ಲಿ ಹದಿನಾಲ್ಕು ಫೋನ್ ಕೂತಿವೆ. ನಿಮ್ಮನೇಲಿ ಇರೋದು ಎರಡು."

ಮಾಸ್ಟರು ತಿರುಗಿ ನೋಡುವಷ್ಟರಲ್ಲಿ ಹೆಡ್‌ಮಿಸ್ ಕಿಟಕಿಯ ಕಡೆ ಮುಖ ಮಾಡಿದ್ದರು. ಪಾಸ್‌ವರ್ಡನ್ನು ಅವರಿಗೆ ಕೊಟ್ಟವಳು ಹೆಂಡತಿ. ಅವರಿಂದ ಅದು ಇಡೀ ಕಟ್ಟಡಕ್ಕೆ ಹಬ್ಬಿತ್ತು. ತನ್ನ ಕೋಟು ಮಸುಕಾಗಿ, ಊರವರ ಸಿನಿಮಾ ಎಲ್ಲ ಫಳಫಳ ಓಡುತ್ತಿದೆ ಎಂದು ತಿಳಿದಾಗ ಮಾಸ್ಟರ ಮೈಯೆಲ್ಲ ಉರಿಯಿತು. ಕುಂಟುಕಾಲಿನಲ್ಲೇ ಮೂರು ಮಹಡಿ ಹತ್ತಿದರು. ಒಂದೊಂದು ಬಾಗಿಲು ಬಡಿದು, ನ್ಯಾಯಾಧೀಶರ ಕೋಟು ಹೊಲಿದವನು ತಾನೆಂದೂ, ಧಾರಾವಾಹಿ ಮುಗಿಯುವ ತನಕ ಎಲ್ಲರೂ ವೈಫೈ ಬಿಡಬೇಕೆಂದೂ ಹೇಳಿದರು. ಎಲ್ಲರೂ ಒಪ್ಪಿದರು. ಆದರೆ ಇಂಟರ್ನೆಟ್ ಇಲ್ಲದ ಮನೆಯಲ್ಲಿ ಕೂತು ಮಾಡುವುದೇನು? ಕೋಟನ್ನಾದರೂ ನೋಡೋಣ ಎಂದು ಅವರ ಹಿಂದೆಯೇ ಎಲ್ಲರೂ ಇಳಿದು ಬಂದರು. ಮಾಸ್ಟರ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕತ್ತರಿಸುವ ಮೇಜಿನ ಮೇಲೂ ಮೂವರು ಕೂತರು.

ಅಷ್ಟರಲ್ಲಿ ಭಾಮೈದ ಪೆಟ್ಟಿಗೆಯಿಂದ ನೇರ ಟೀವಿಗೇ ಒಂದು ಉದ್ದನೆಯ ಕೇಬಲ್ ಎಳೆದಿದ್ದ. ಆಪ್ ಒಳಗೆ ಹೋಗಿ, ಡೇಟಾ ಉಳಿಸುವ ಗುರುತು ತೆಗೆದು, ಎಲ್ಲಕ್ಕಿಂತ ಮೇಲಿನ ಗುಣಮಟ್ಟದ ಮೇಲೆ ಒತ್ತಿದ. ಪರದೆಯಲ್ಲಿ ಚಕ್ರ ಎರಡು ಸುತ್ತು ತಿರುಗಿ ನಿಂತಿತು.

ಕಾಯಿಲೆ ಕಣ್ಣಿನ ಪೊರೆ ಕಳಚಿದ ಹಾಗೆ ಚಿತ್ರ ತೆರೆದುಕೊಂಡಿತು. ನ್ಯಾಯಾಧೀಶರ ಮೂಗಿನ ಮೇಲಿನ ಮಚ್ಚೆ, ಮಚ್ಚೆಯ ಮೇಲಿನ ಕೂದಲು, ಅದರ ಕೆಳಗೆ ಕೋಟು. ಕಾಲರಿನ ಮಡಿಕೆ ಕತ್ತಿಯಂತೆ ನಿಂತಿತ್ತು. ಒಂದೊಂದು ಕಾಜಾದ ಎಳೆಯನ್ನೂ ಎಣಿಸಬಹುದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್‌ಮಿಸ್ ಕೂಡ ತಲೆದೂಗಿದರು. ಮಾಸ್ಟರು ತಮ್ಮ ಇಸ್ತ್ರಿಯ ಅಂಗಿಯ ಕಾಲರ್ ಸರಿಮಾಡಿಕೊಂಡರು.

ಆಗ ನ್ಯಾಯಾಧೀಶರು ಅಪರಾಧಿಯ ಕಡೆ ತಿರುಗಿದರು. ಕ್ಯಾಮೆರಾ ಅವರ ಭುಜದ ಹತ್ತಿರ ಬಂದು ನಿಂತಿತು. ಕರಿ ಕೋಟಿನ ಭುಜದುದ್ದಕ್ಕೂ ಬಿಳಿ ದಾರದ ಉದ್ದುದ್ದ ಟಾಕು, ರಸ್ತೆಯ ನಡುವಿನ ಬಿಳಿ ಪಟ್ಟೆಗಳ ಹಾಗೆ. ಅಳತೆ ನೋಡುವಾಗ ಹಾಕಿ, ಆಮೇಲೆ ಕಿತ್ತು ತೆಗೆಯಬೇಕಾದ ಕಚ್ಚಾ ಹೊಲಿಗೆ. ಒಂದು ಎಳೆಯಂತೂ ಸಡಿಲಾಗಿ, ಅವರು ಮರಣದಂಡನೆ ವಿಧಿಸುತ್ತಿದ್ದಂತೆ ಫ್ಯಾನಿನ ಗಾಳಿಗೆ ಹಾರಾಡುತ್ತಿತ್ತು.

ಎಲ್ಲರೂ ಮಾಸ್ಟರ ಕಡೆ ತಿರುಗಿದರು.

"ಅದು ನನ್ನ ಕೋಟಲ್ಲ," ಎಂದರು ಮಾಸ್ಟರು.

ಬಾಯಿಂದ ಬಂದ ಮೇಲೆ ಆ ಮಾತು ಅವರಿಗೇ ಗಟ್ಟಿಯೆನಿಸಿತು. ತನ್ನ ಕೋಟನ್ನು ಬದಲಾಯಿಸಿ ಯಾವನೋ ಕೈಲಾಗದವನ ಕೋಟು ತೊಡಿಸಿದ್ದಾರೆ ಎಂದು ಹೇಳುತ್ತ ಹೇಳುತ್ತ ಅವರ ಧ್ವನಿ ಏರಿತು. ಹೆಂಡತಿ ಏನೋ ಹೇಳಲು ಹೋದಳು. ಮಾಸ್ಟರು ಅವಳ ಕಡೆ ನೋಡಲೇ ಇಲ್ಲ. ನೆರೆದವರಿಗೆಲ್ಲ ಮಾಸ್ಟರ ಸಿಟ್ಟೇ ಅಂಟಿತು. ಇಂಥ ಹೊಲಿಗೆ ಹೊಲಿದವನ ಕೈಗೆ ಸೂಜಿ ಕೊಡಬಾರದು ಎಂದು ಒಬ್ಬರೆಂದರೆ, ಅವನ ಅಂಗಡಿಗೆ ಬೀಗ ಹಾಕಿಸಬೇಕು ಎಂದು ಇನ್ನೊಬ್ಬರು. ಮಾಸ್ಟರು ಎಲ್ಲಕ್ಕೂ ತಲೆಯಾಡಿಸಿದರು. ಬೆವರು ಒರೆಸಿಕೊಂಡು, ಹೋಗಲಿ ಬಿಡಿ, ಎಂದೂ ಹೇಳಿದರು.

ಬಿಡುವ ಪೈಕಿಯಲ್ಲ ಹೆಡ್‌ಮಿಸ್. "ಹೋಗ್ಲಿ ಬಿಡಿ ಅನ್ನೋದಕ್ಕೇ ನಮ್ಮಂಥವರಿಗೆ ಹೀಗಾಗೋದು. ಕೋಟು ತಗೊಂಡು ಹೋದವರ ನಂಬರ್ ನಿಮ್ಮ ಅಳತೆ ಪುಸ್ತಕದಲ್ಲಿ ಇರಬೇಕಲ್ಲ?"

ಮಾಸ್ಟರು ಪುಸ್ತಕ ಎಲ್ಲಿದೆಯೋ ಎನ್ನುವಷ್ಟರಲ್ಲಿ ಭಾಮೈದ ಅದನ್ನು ತಂದು ನಂಬರ್ ಒತ್ತಿಯಾಗಿತ್ತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೂ ಹಾಕಿದ. ಧಾರಾವಾಹಿಯ ಉಡುಪು ನೋಡಿಕೊಳ್ಳುವವನು ಎತ್ತಿದ. ಹೆಡ್‌ಮಿಸ್ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ ತರಾಟೆಗೆ ತೆಗೆದುಕೊಂಡರು: ಮಾಸ್ಟರ ಕೋಟು ಏನಾಯಿತು, ಈ ದಾರ ನೇತಾಡುವ ಕೋಟು ಯಾರದ್ದು, ಹೇಳಿ.

ಅವನು ಗಲಿಬಿಲಿಗೊಂಡ.

"ಅದೇ ಕೋಟು ಮೇಡಂ, ಮಾಸ್ಟ್ರೇ ಹೊಲಿದಿದ್ದು. ಭುಜದ ದಾರ ಕಿತ್ತು ಕೊಡಿ ಅಂತ ನಾನೇ ಕೇಳ್ದೆ. 'ಟೀವೀಲಿ ಅದೆಲ್ಲ ಯಾರಿಗ್ರೀ ಕಾಣುತ್ತೆ, ತಗೊಂಡು ಹೋಗಿ' ಅಂದ್ರು."

ಭಾಮೈದ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಯಾರೂ ಮಾಸ್ಟರ ಮುಖ ನೋಡಲಿಲ್ಲ. ಬಹಳ ವರ್ಷಗಳಿಂದ ಆ ಕಟ್ಟಡದವರೆಲ್ಲ ಬಟ್ಟೆ ಹೊಲಿಸುತ್ತಿದ್ದದ್ದು ಅವರಲ್ಲೇ. ಮೊದಲು ಹೆಡ್‌ಮಿಸ್, ಆಮೇಲೆ ಒಬ್ಬೊಬ್ಬರಾಗಿ ಉಳಿದವರು, ಕತ್ತು ಹೊರಳಿಸಿ ತಮ್ಮ ತಮ್ಮ ಭುಜ ನೋಡಿಕೊಳ್ಳತೊಡಗಿದರು.