ಹೊಟ್ಟೆಯುರಿ ಶಮನ ಯೋಜನೆ

ಪುಣೆಯ ನಿಗಡಿ ಬಡಾವಣೆಯ ಕನ್ನಡ ಬಳಗದ ಸದಸ್ಯರ ಸಕ್ಕರೆ ಕಾಯಿಲೆಗೆ ಹೋಟೆಲು ಮಾಲೀಕ ಮೋಹನದಾಸರೇ ಕಾರಣವೆಂದು ಬಳಗದ ಕಾರ್ಯಕಾರಿ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ.

ತೀರ್ಮಾನಕ್ಕೆ ವೈಜ್ಞಾನಿಕ ಆಧಾರವಿದೆ. ಬಳಗದ ಆರೋಗ್ಯ ಶಿಬಿರದಲ್ಲಿ ಬೆಂಗಳೂರು ಕಡೆಯ ಡಾಕ್ಟರ್ ದೀಕ್ಷಿತಾ ಉಪನ್ಯಾಸ ನೀಡಿದರು. ಉರಿಯೂತ ಎಂಬ ಪದ ಅವರಿಗೆ ಆ ಕ್ಷಣ ನೆನಪಾಗಲಿಲ್ಲ. "ದಪ್ಪ ಇರೋರಿಗೆ ಹೊಟ್ಟೆ ಕೊಬ್ಬಿನಲ್ಲಿ ಒಂಥರಾ ಉರಿ ಇರುತ್ತೆ. ಅದರಿಂದ ಇನ್ಸುಲಿನ್ ಮಾತನ್ನ ದೇಹ ಸರಿಯಾಗಿ ಕೇಳಲ್ಲ. ಆ ಉರಿ ಇಳಿಸಿದರೆ ಶುಗರ್ ಇಳಿಯುತ್ತಾ ಅಂತ ಸಂಶೋಧನೆ ನಡೀತಿದೆ" ಎಂದರು.

ಅಧ್ಯಕ್ಷರೂ ಬಟ್ಟೆ ವ್ಯಾಪಾರಿಯೂ ಆದ ಬಸವಪ್ರಭು ಎದ್ದು ನಿಂತರು.

"ಹೊಟ್ಟೀ ಉರಿ ನಮಗ ಭಾಳ ವರ್ಷದಿಂದ ಅದರಿ, ಡಾಕ್ಟರ. ಅದು ರೋಗ ಅಂತ ಇವತ್ತ ಗೊತ್ತಾತು."

ಯಾರನ್ನು ಕಂಡರೆ ಉರಿ ಎಂದು ಸದಸ್ಯರನ್ನು ವಿಚಾರಿಸಲಾಯಿತು. ಎಲ್ಲರೂ ಮೋಹನದಾಸರ ಹೆಸರು ಹೇಳಿದರು. ಅವರ ಹೊಸ ಹೋಟೆಲು ಸದಾ ತುಂಬಿರುತ್ತದೆ. ಅಲ್ಲದೆ ಅಧ್ಯಕ್ಷರಷ್ಟೇ ದಪ್ಪವಿದ್ದರೂ ಅವರಿಗೆ ಶುಗರ್ ಇಲ್ಲ. ಎರಡನೆಯದನ್ನು ಸಮಿತಿ ಹೆಚ್ಚು ಗಂಭೀರವಾಗಿ ಪರಿಗಣಿಸಿತು.

ಮೋಹನದಾಸರನ್ನು ಕರೆಸಿ ವಿಷಯ ತಿಳಿಸಲಾಯಿತು. ಹೋಟೆಲು ಮುಚ್ಚಿಸುತ್ತಾರೆಂದು ಅವರು ಗಾಬರಿಯಾದರು.

"ಹೋಟೆಲ್ ಮುಚ್ಚಿದ್ರೆ ನಾನು ಎಂತ ಮಾಡುದು ಮಾರಾಯ್ರೆ? ಊರಿನ ಜಾಗ ಮಾರಿ ದುಡ್ಡು ಹಾಕಿದ್ದು."

"ಮುಚ್ಚಬ್ಯಾಡ್ರಿ. ಮೊದಲ ಸಣ್ಣ ಡೋಸ್ ನೋಡೋಣು. ಗಲ್ಲಾದಾಗ ಕುಂತು ನಗಬ್ಯಾಡ್ರಿ, ಅಷ್ಟ" ಎಂದರು ಅಧ್ಯಕ್ಷರು.

ಮೋಹನದಾಸರು ಮುಖ ಸಪ್ಪಗೆ ಮಾಡಿಕೊಂಡು ಕುಳಿತರು. ಅದನ್ನು ಕಣ್ಣಾರೆ ಕಾಣಲು ಸದಸ್ಯರು ನಿತ್ಯ ಬಂದು, ಸಮಾಧಾನದಿಂದ ಶೀರಾ ತಿಂದು ಹೋದರು. ಎಲ್ಲರ ಶುಗರ್ ಏರಿತು. ಡೋಸ್ ಸಾಲದೆಂದು ಸಮಿತಿ ಹೋಟೆಲನ್ನೇ ಮುಚ್ಚಿಸಿತು. ಕೆಲವೇ ವಾರಗಳಲ್ಲಿ ಎಲ್ಲರ ಶುಗರ್ ಇಳಿಯಿತು.

"ಶೀರಾ ತಿನ್ನೋದು ನಿಂತಿದೆಯಲ್ಲ, ಅದಕ್ಕೇ ಇಳಿದಿರೋದು" ಎಂದರು ಡಾಕ್ಟರು.

"ನಾವೂ ಅದನ್ನ ಹೇಳಾಕತ್ತೀವಿ ತಂಗಿ" ಎಂದರು ಕಾರ್ಯದರ್ಶಿ ಗೌರಾಬಾಯಿ. "ಹೋಟೆಲ್ ಮುಚ್ಚಿದ್ದಕ್ಕ."

ಡಾಕ್ಟರು ಸ್ವಲ್ಪ ಯೋಚಿಸಿ ಒಪ್ಪಿಕೊಂಡರು.

ಚಿಕಿತ್ಸೆಗೆ ಸಹಕರಿಸಿದ ಮೋಹನದಾಸರಿಗೆ ಸನ್ಮಾನ ಏರ್ಪಟ್ಟಿತು. ಈಗ ಅವರು ಯೆರವಡಾದಲ್ಲಿ ಬೇರೆಯವರ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಾರೆ. ರಜೆ ಹಾಕಿ ಬಂದಿದ್ದರು. ಅಧ್ಯಕ್ಷರು ಶಾಲು ಹೊದಿಸಿದರು. ಶಾಲು ಚೆನ್ನಾಗಿತ್ತು. ಅಧ್ಯಕ್ಷರ ಕೈ ಅದರ ಅಂಚಿನ ಮೇಲೆ ಕೊಂಚ ಹೊತ್ತು ನಿಂತಿತು.

"ಉರಿ ಶುರು ಆತೇನ್ರಿ?" ಗೌರಾಬಾಯಿ ಮೆಲ್ಲಗೆ ಕೇಳಿದರು.

"ಸ್ವಲ್ಪ" ಎಂದರು ಅಧ್ಯಕ್ಷರು.

ರೋಗಿಯ ಹಿತದೃಷ್ಟಿಯಿಂದ ಶಾಲನ್ನು ವೇದಿಕೆಯಲ್ಲೇ ಹಿಂಪಡೆಯಲಾಯಿತು. ಮೋಹನದಾಸರೇ ಮಡಚಿ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು.